ಅತ್ತಿಗೆಯ ಕಿತ್ತಳೆ ಮೀನು

ನಮ್ಮ ಅತ್ತಿಗೆಯ ಬಲಗೈ ಮೊಣಕೈವರೆಗೂ ಸದಾ ಒದ್ದೆ. ಹಸಿರು ಗಾಜಿನ ಬಳೆಗಳನ್ನೆಲ್ಲ ಮೇಲಕ್ಕೆ ಸರಿಸಿ ಅವರು ನೀರಿಗೆ ಕೈ ಇಳಿಬಿಟ್ಟರೆ, ಬೆರಳ ತುದಿಯ ಎರೆಹುಳದ ಚೂರಿಗಾಗಿ ಕಿತ್ತಳೆ ಬಣ್ಣದ ಮೀನುಗಳು ಮುತ್ತಿಕೊಳ್ಳುತ್ತಿದ್ದವು. ಆಮೇಲೆ ಅದೇ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಜಡೆ ಹಾಕಲು ಬರುತ್ತಿದ್ದರು. ನಾನು ತಲೆ ಕೊಡುತ್ತಿರಲಿಲ್ಲ. ಮೀನಿನ ವಾಸನೆ ಎಂದು ನೆಪ ಹೇಳುತ್ತಿದ್ದೆ. ನಿಜವಾದ ಕಾರಣ ಹೊಟ್ಟೆಕಿಚ್ಚು.

ಅರವತ್ತರ ದಶಕದ ಮಾತು. ತೀರ್ಥಹಳ್ಳಿ ಪೇಟೆಯಲ್ಲಿ ನನ್ನ ಅಣ್ಣ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದ. ಅಪ್ಪ ಇಲ್ಲದ ಮನೆ. ಅವ್ವ, ಅಣ್ಣ, ನಾನು. ನಾನು ಹೇಳಿದ್ದೇ ವೇದವಾಕ್ಯ. ಅತ್ತಿಗೆ ಘಟ್ಟದ ಕೆಳಗಿನವರು. ಮದುವೆಯಾಗಿ ಬರುವಾಗ ತವರಿನ ಹೊಳೆಯ ಒಂದು ಜೋಡಿ ಮೀನನ್ನು ಮಣ್ಣಿನ ಗಡಿಗೆಯಲ್ಲಿಟ್ಟುಕೊಂಡು ಬಂದರು. ಆಗುಂಬೆ ಘಾಟಿಯ ತಿರುವುಗಳಲ್ಲಿ ಮದುಮಗನನ್ನು ಬಿಟ್ಟು ಗಡಿಗೆಯನ್ನೇ ಅವುಚಿಕೊಂಡು ಕೂತಿದ್ದರಂತೆ. ಹೆಬ್ಬೆರಳುದ್ದದ ಮೀನು, ಮೈಯ ನಡುವೆ ಒಂದು ಕಪ್ಪು ಬೊಟ್ಟು, ಸುತ್ತ ಸಾಲುಸಾಲಾಗಿ ಕೆಂಪು ಚುಕ್ಕಿ. ಚೆಂದವಿದ್ದವು. ಅದೇ ನನಗೆ ಸಹಿಸಲಾಗದ್ದು.

“ಸಾರಿಗಾಗೋ ಮೀನಿಗೆ ನಾವೇ ಅನ್ನ ಹಾಕೋದಾ? ಎಂಥಾ ಕಾಲ ಬಂತಪ್ಪ!” ಎಂದು ಅವ್ವ ನಕ್ಕಳು. ಅಣ್ಣ ಮಾತ್ರ ಮರುವಾರವೇ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ದೊಡ್ಡದೊಂದು ತೊಟ್ಟಿ ಮಾಡಿಕೊಟ್ಟ. ಅಂಗೈಯಗಲದ ಕನ್ನಡಿ ಕೊಡು ಎಂದು ನಾನು ಕೇಳಿದರೆ ವರ್ಷವಿಡೀ ನಾಳೆ ನಾಳೆ ಎಂದವನು ಅವನೇ.

ಅತ್ತಿಗೆ ಹೆಂಚಿನ ಚೂರೊಂದನ್ನು ತೊಟ್ಟಿಯಲ್ಲಿ ಓರೆಯಾಗಿ ನಿಲ್ಲಿಸುತ್ತಿದ್ದರು; ನೀರಿಗೆ ಒಂದು ಚಿಟಿಕೆ ಕಲ್ಲುಪ್ಪು. ಹೆಂಚಿನ ಮೇಲೆ ಮೀನು ಮೊಟ್ಟೆಯಿಟ್ಟಿತೆಂದರೆ ತೊಟ್ಟಿಗೆ ಹಳೇ ಸೀರೆ ಹೊದಿಸಿಬಿಡುವುದು. ನಾನು ಹತ್ತಿರ ಹೋದರೆ, “ಬಾಣಂತಿ ಕೋಣೆಗೆ ಯಾರಾದ್ರೂ ಹಾಗೆ ನುಗ್ತಾರಾ ಮಾರಾಯ್ತಿ?” ನನ್ನ ದೃಷ್ಟಿ ತಾಗೀತೆಂದೇ ಅವರು ಮುಚ್ಚುವುದು ಎಂದು ನಾನು ನಂಬಿದ್ದೆ. ತಾಗಲಿ ಎಂದುಕೊಂಡದ್ದೂ ಸುಳ್ಳಲ್ಲ. ತಾಗಲಿಲ್ಲ. ಸೀರೆ ತೆಗೆಯುವ ಹೊತ್ತಿಗೆ ತಾಯಿ ತಂದೆಯ ಸುತ್ತ ಸಾಸಿವೆ ಚೆಲ್ಲಿದಂತೆ ಮರಿಗಳು.

ನನಗೂ ಒಂದು ಜೋಡಿ ಬೇಕೆಂದು ಹಟ ಹಿಡಿದೆ. ಅತ್ತಿಗೆ ತಮ್ಮಲ್ಲೇ ಬೆಳೆದ ಒಳ್ಳೆಯ ಜೋಡಿಯನ್ನು ಆರಿಸಿ ಕೊಟ್ಟರು, ಅಣ್ಣನಿಗೆ ಹೇಳಿ ಬೇರೆ ತೊಟ್ಟಿಯನ್ನೂ ಮಾಡಿಸಿದರು. ನನ್ನಣ್ಣನಿಂದ ನನಗೊಂದು ವಸ್ತು ಬರಬೇಕಾದರೆ ಇವರ ಶಿಫಾರಸು ಬೇಕಾಯಿತಲ್ಲ ಎಂದು ಅದಕ್ಕೂ ಉರಿದೆ. ಆದರೂ ನನ್ನ ಮೀನು ಮೊಟ್ಟೆಯಿಟ್ಟಿತು, ಮರಿಯೂ ಆಯಿತು. ಒಂದು ಮಧ್ಯಾಹ್ನ ನೋಡುತ್ತೇನೆ, ತಾಯಿ ಮರಿಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದೆ! ಹೆತ್ತದ್ದೇ ತಿನ್ನುತ್ತಿದೆ ಎಂದು ಗಾಬರಿಯಾಗಿ ಗಂಡು ಹೆಣ್ಣು ಎರಡನ್ನೂ ಎತ್ತಿ ಬಕೆಟ್ಟಿಗೆ ಹಾಕಿದೆ. ಅತ್ತಿಗೆಗೆ ಹೇಳಲಿಲ್ಲ, ಕೇಳಿದರೆ ಸೋತಂತೆ. ವಾರ ಕಳೆಯುವುದರೊಳಗೆ ಮರಿಗಳೆಲ್ಲ ಸತ್ತು ತಳ ಸೇರಿದವು.

“ತಿನ್ನೂದಲ್ಲ ಅದು, ಮರಳಲ್ಲಿ ತೋಡಿದ ಒಂದು ಗುಂಡಿಯಿಂದ ಇನ್ನೊಂದಕ್ಕೆ ಎತ್ತಿ ಮಲಗಿಸೂದು,” ಎಂದರು ಅತ್ತಿಗೆ. “ಈ ಮರಿ ಅಪ್ಪ ಅಮ್ಮನ ಮೈ ಮೇಲಿನ ಲೋಳೆ ತಿಂದೇ ಬೆಳಿಯೂದು. ನೀನು ತೊಟ್ಟಿಲು ಇಟ್ಕೊಂಡು ತಾಯಿಯನ್ನೇ ಹೊರಗೆ ಹಾಕಿದೆ.”

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ.

“ನೀ ಕೇಳಿದ್ಯಾ?”

ಹುಣ್ಣಿನ ಮೇಲೆ ಬರೆ ಎಳೆದಂತೆ ಅದೇ ತಿಂಗಳು ಹೊಸನಗರದಿಂದ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬಂದರು. ಹುಡುಗನ ತಾಯಿ ಅವಲಕ್ಕಿ ತಟ್ಟೆ ಹಿಡಿದುಕೊಂಡೇ ತೊಟ್ಟಿಯ ಮುಂದೆ ಕೂತವರು ಏಳಲಿಲ್ಲ. ಇದೇನು ತಿನ್ನುತ್ತೆ, ಇದರಲ್ಲಿ ಗಂಡು ಯಾವುದು, ಎಲ್ಲ ಪ್ರಶ್ನೆಯೂ ಅತ್ತಿಗೆಗೆ. ನನ್ನ ಹೆಸರು ಕೂಡ ಕೇಳಲಿಲ್ಲ. ಹೆಣ್ಣು ನೋಡಲು ಬಂದವರು ಮೀನು ನೋಡಿಕೊಂಡು ಹೋದರು.

ಮುಂದಿನ ಸಲ ಸಾಗರದವರು. ಹುಡುಗ ಲಾರಿ ಆಫೀಸಿನಲ್ಲಿ ಗುಮಾಸ್ತ. ಅವನ ಕಣ್ಣು ತೊಟ್ಟಿಯ ಕಡೆ ಹೊರಳಿದ್ದೇ ತಡ, ಅತ್ತಿಗೆ ಮುಂದೆ ಬಂದು, “ಇದೆಲ್ಲ ನಮ್ಮ ನಾದಿನಿಯೇ ಸಾಕಿದ್ದು, ಬಹಳ ಒಳ್ಳೆ ಕೈ ಅವಳದ್ದು,” ಎಂದುಬಿಟ್ಟರು. ನನಗೆ ತಲೆ ಕೆಟ್ಟುಹೋಯಿತು. ಹೊಗಳಿಕೆಯನ್ನೂ ಇವರಿಂದ ಭಿಕ್ಷೆ ಪಡೆಯಬೇಕೆ?

“ಸುಳ್ಳು. ಅವೆಲ್ಲ ಅತ್ತಿಗೆಯವು. ನನ್ನ ಕೈಯಲ್ಲಿ ಒಂದು ಮರಿಯೂ ಉಳಿದಿಲ್ಲ,” ಎಂದೆ.

ಅವ್ವ ಹಣೆ ಚಚ್ಚಿಕೊಂಡಳು. ಹುಡುಗ ಬಾಯಲ್ಲಿದ್ದ ಕಾಫಿ ಅಂಗಿಗೆ ಚೆಲ್ಲುವಷ್ಟು ನಕ್ಕ. ಇಷ್ಟು ಸಿಟ್ಟಿನಲ್ಲಿ ನಿಜ ಹೇಳುವ ಹುಡುಗಿಯೇ ತನಗಿರಲಿ ಎಂದು ಮನೆಗೆ ಹೋಗಿ ಹಟ ಹಿಡಿದನಂತೆ. ಹಾಗೆ ನಾನು ಸಾಗರದ ಸೊಸೆಯಾದೆ. ಹೋಗುವ ದಿನ ಅತ್ತಿಗೆ ಬಸ್ ಸ್ಟ್ಯಾಂಡಿನವರೆಗೆ ಬಂದು ಒಂದು ಜೋಡಿ ಮೀನಿದ್ದ ಗಡಿಗೆಯನ್ನು ಮಡಿಲಿಗಿಟ್ಟರು. ಬೇಡ ಎನ್ನದೆ ಅವುಚಿಕೊಂಡೆ. ಆ ಜೋಡಿ ಸಾಗರದಲ್ಲಿ ಮರಿ ಮಾಡಿತು. ಈ ಸಲ ಸೀರೆ ಹೊದಿಸಿ ದೂರ ಕೂತೆ.

ಮೂವತ್ತು ವರ್ಷ ಹೀಗೇ ಹೋಯಿತು. ಅವರ ಮೀನು ಸಾರಿಗೂ ಕರುಬಿದೆ. ನನ್ನ ಮಕ್ಕಳು ರಜೆ ಬಂತೆಂದರೆ ಅವರ ಮನೆಗೆ ಓಡುವುದಕ್ಕೂ ಕರುಬಿದೆ. ನಾನು ಗಂಡನನ್ನು ಕಳಕೊಂಡ ಮೇಲೆ, ಅವರಿಗೆ ಬೆಳಗೂ ಬೈಗೂ ಜಗಳವಾಡಲು ಅಣ್ಣ ಇದ್ದಾನಲ್ಲ ಎಂದೂ ಕರುಬಿದೆ.

ಅತ್ತಿಗೆಯ ಕೊನೆಯ ಕಾಯಿಲೆಯಲ್ಲಿ ನಾನೇ ಹೋಗಿ ನೋಡಿಕೊಂಡೆ. ಒಂದು ದಿನ ಗಂಜಿ ಕುಡಿಸುವಾಗ ಕೇಳಿದರು: “ನಿಂಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚಲ್ವಾ?”

“ಈಗಲೂ ಇದೆ,” ಎಂದೆ.

“ಇರ್ಲಿ. ನಂಗೂ ಇತ್ತು. ನಿನ್ನ ಅಣ್ಣ ಅಂಗಡಿಯಿಂದ ಬಂದವರು ಚಪ್ಪಲಿ ಬಿಡೂದಕ್ಕೂ ಮೊದಲು ‘ಅವಳ ಊಟ ಆಯ್ತಾ’ ಅಂತ ನಿನ್ನ ಬಗ್ಗೆಯೇ ಕೇಳೂದು. ಘಟ್ಟ ಹತ್ತಿ ಬಂದವಳನ್ನು ಉಂಡಿದ್ಯಾ ಅಂತ ಕೇಳೂಕೆ ಆ ಮನೆಯಲ್ಲಿ ಯಾರಿದ್ರು? ಆ ಮೀನುಗಳಲ್ವಾ ನನ್ನ ತವರು.”

ಗಂಜಿ ಆರುತ್ತಿತ್ತು, ಕುಡಿಸಿದೆ.

ಅಣ್ಣನಿಗಿಂತ ಮೊದಲೇ ಅವರು ಹೋದರು. ಅಂಗಳದಲ್ಲಿ ಮಲಗಿಸಿ, ಅರಿಶಿನ ಹಚ್ಚಿ, ಹಣೆ ತುಂಬ ಕುಂಕುಮವಿಟ್ಟು ಕೈಗೆ ಹೊಸ ಹಸಿರು ಬಳೆ ತೊಡಿಸಿದರು. ಸುತ್ತ ನೆರೆದ ಹೆಂಗಸರೆಲ್ಲ, “ಪುಣ್ಯವಂತೆ, ಮುತ್ತೈದೆಯಾಗಿ ಹೋದ್ಲು. ಇಂಥಾ ಸಾವು ಯಾರಿಗೆ ಸಿಗ್ತದೆ!” ಎಂದು ಕರುಬಿದರು. ಅವತ್ತು ಅಲ್ಲಿ ಅವರನ್ನು ಕಂಡು ಕರುಬದವಳು ನಾನೊಬ್ಬಳೇ.