ಮಂಗಳಾರತಿಗೆ ಮೊದಲಿನ ಪಾನಕ

ಇದು ಹೋದ ವರ್ಷದ ರಾಮನವಮಿಯ ದಿನ ನಡೆದದ್ದು. ಹಬ್ಬದ ಹೆಸರು ಕೇಳಿದ ಕೂಡಲೇ ಭಕ್ತಿಯ ಕಥೆ ಎಂದುಕೊಳ್ಳಬೇಡಿ. ನಾನು ದೇವರನ್ನು ನಂಬುವವಳಲ್ಲ. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು. ಯಾರಾದರೂ ಬೆಳಗಾಯಿತು ಎಂದರೂ ಯಾವ ಆಧಾರದ ಮೇಲೆ ಹೇಳುತ್ತೀರಿ ಎಂದು ಕೇಳುವ ಚಟ ನನಗಿದೆ.

ಗೆಳತಿ ನಿಶ್ಮಿತಾ ಸಿಕ್ಕಿದ್ದೂ ಅಂಥದ್ದೇ ಒಂದು ಸ್ಪರ್ಧೆಯಲ್ಲಿ, ಎದುರು ತಂಡದಲ್ಲಿ. ಅವಳು ಮಂಗಳೂರಿನವಳು. ಚಿಕ್ಕಂದಿನಿಂದಲೂ ಅವಳಿಗೆ ಡಯಾಬಿಟಿಸ್. ಪ್ರತಿ ಊಟಕ್ಕೂ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಸಕ್ಕರೆ ಏರಿದರೆ ತೊಂದರೆ ನಿಧಾನವಾಗಿ ಬರುತ್ತದೆ. ಇಳಿದರೆ ಹಾಗಲ್ಲ, ನೋಡನೋಡುತ್ತಿದ್ದಂತೆ ಬೆವರಿ ಪ್ರಜ್ಞೆ ತಪ್ಪಿಬಿಡುತ್ತದೆ. ಅದಕ್ಕೆಂದೇ ಗ್ಲೂಕೋಸ್ ಮಾತ್ರೆಗಳು ಸದಾ ಅವಳ ಜೊತೆಗಿರುತ್ತವೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಹಬ್ಬಕ್ಕೆ ಎರಡು ದಿನ ಮೊದಲು ಅವಳು ಚಾಮರಾಜಪೇಟೆಯ ನಮ್ಮ ಮನೆಗೆ ಬಂದಳು. ಮೊದಲ ದಿನವೇ ಅವಳನ್ನು ಮಾಲ್‌ಗೆ, ಕಾಫಿ ಅಂಗಡಿಗೆ ಎಂದು ಸುತ್ತಿಸಿದೆ. ಸಂಜೆ ತಾರಸಿಯ ಮೇಲೆ ಕೂತು ಅವಳು ಶುರು ಮಾಡಿದಳು.

"ನಿಮ್ಮ ಊರಲ್ಲಿ ಕೂತ್ಕೊಳ್ಳಿಕ್ಕೂ ದುಡ್ಡು ಕೊಡ್ಬೇಕಲ್ಲ ಮಾರಾಯ್ತಿ! ನಮ್ಮಲ್ಲಿ ಕಡಲು ಫ್ರೀ, ಹೊಳೆ ಫ್ರೀ. ಅಳಿವೆ ಬಾಗಿಲಲ್ಲಿ ಹೊಳೆ ಹೋಗಿ ಕಡಲಿಗೆ ಸೇರುದನ್ನು ಎಷ್ಟು ಹೊತ್ತು ಬೇಕಾದ್ರೂ ನೋಡ್ಬಹುದು. ರಾತ್ರಿ ಬಯಲಾಟ ಉಂಟು, ಅದಕ್ಕೂ ಟಿಕೆಟ್ ಇಲ್ಲ."

"ಆ ಕಡಲ ಹತ್ರ ಹೋಗೋಕೆ ಬಸ್ ಚಾರ್ಜ್ ಯಾರು ಕೊಡ್ತಾರೆ, ನಿಮ್ಮಪ್ಪನಾ?" ಎಂದೆ. "ನಿಮ್ದೆಲ್ಲ ಪ್ರೈವೇಟ್ ಬಸ್ಸು ಗುರು. ನಮ್ಮಲ್ಲಿ ಹೆಂಗಸರಿಗೆ ಬಸ್ಸೇ ಫ್ರೀ. ಅಲ್ಲಿಗೆ ನಿನ್ನ ಮೊದಲನೇ ಪಾಯಿಂಟ್ ಬಿತ್ತು."

"ಬಸ್ಸಲ್ಲಿ ಕೂತು ಎಂತ ನೋಡುದು, ಟ್ರಾಫಿಕ್ಕಾ?"

ಸವಾಲು ಹುಟ್ಟಿದ್ದು ಹೀಗೆ. ಹಬ್ಬದ ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಪೈಸೆ ಖರ್ಚಿಲ್ಲದೆ ಅವಳಿಗೆ ನನ್ನ ಹಳೇ ಬೆಂಗಳೂರನ್ನು ತೋರಿಸಬೇಕು, ಊಟ ತಿಂಡಿಯೂ ಸೇರಿ. ನಿಯಮ ಬಿಗಿಯಾಗಿರಬೇಕು ಎಂದು ಹಠ ಹಿಡಿದವಳು ನಾನೇ. ಫೋನ್ ಇದ್ದರೆ ಪರ್ಸ್ ಇದ್ದ ಹಾಗೆ, ಸ್ಕ್ಯಾನ್ ಮಾಡಿದರೆ ಮುಗಿಯಿತು. ಆದ್ದರಿಂದ ಫೋನೂ ಮನೆಯಲ್ಲೇ. ಫ್ರೀ ಬಸ್ಸಿಗೆ ಬೇಕಾದ ಆಧಾರ್ ಕಾರ್ಡ್ ಮಾತ್ರ ಕೈಯಲ್ಲಿ. "ಮಾತ್ರೆ ಇಟ್ಕೊಂಡಿದೀಯಾ?" ಎಂದು ಹೊರಡುವಾಗ ಕೇಳಿದೆ. "ಉಂಟುಂಟು, ನಡಿ" ಎಂದಳು.

ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಲಾಲ್‌ಬಾಗಿಗೆ ಟಿಕೆಟ್ ಇಲ್ಲ. ಮಾವಳ್ಳಿ ಕಡೆಯಿಂದ ಒಳಗೆ ಹೋಗಿ ಬಂಡೆ ಹತ್ತಿದೆವು. ಅವಳು ಆರಾಮಾಗಿ ಕಾಲು ಚಾಚಿ ಕೂತಳು. ನನಗೆ ಕೂರಲು ಆಗಲಿಲ್ಲ. ಕೂತು ನೋಡುವುದು ಅವಳ ಊರಿನ ಅಭ್ಯಾಸ. ನನಗಂತೂ ಒಂದು ಜಾಗ ತೋರಿಸಿದ ಕೂಡಲೇ ಮುಂದಿನದರ ಚಿಂತೆ. ಅಂಕ ಜಾರಿ ಹೋಗುತ್ತಿರುವ ಹಾಗೆ. ಎಬ್ಬಿಸಿಕೊಂಡು ಹೊರಟೆ. ಗಾಂಧಿ ಬಜಾರಿನ ಹೂವಿನ ಸಾಲು, ಬ್ಯೂಗಲ್ ರಾಕ್, ದೊಡ್ಡ ಬಸವಣ್ಣ. ಬಸವಣ್ಣನ ಮುಂದೆ ನಿಂತು, "ನೋಡು, ನಮ್ಮಲ್ಲೂ ನದಿ ಇದೆ. ವೃಷಭಾವತಿ ಹುಟ್ಟೋದು ಇಲ್ಲೇ" ಎಂದೆ.

ಅವಳು ಆಚೀಚೆ ನೋಡಿದಳು. "ಎಲ್ಲಿ ಉಂಟು?"

"ಹುಟ್ಟುತ್ತೆ ಅಂದೆ. ಕಾಣುತ್ತೆ ಅಂದ್ನಾ?"

ಅವಳು ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಿಸಿಲು ಆಗಲೇ ಚುರುಕಾಗಿತ್ತು. ಅಲ್ಲಿಂದ ಗವಿಪುರಂಗೆ ನಡೆಸಿದೆ. ಗವಿ ಗಂಗಾಧರೇಶ್ವರನ ಗುಹೆಯಿಂದ ಹೊರಗೆ ಬಂದಾಗ ಅವಳು, "ನಾನೀಗ ಎಂತಾದ್ರೂ ತಿನ್ಬೇಕು. ಬೆಳಿಗ್ಗೆ ಮನೆಯಲ್ಲಿ ಚುಚ್ಚಿಕೊಂಡು ಇಡ್ಲಿ ತಿಂದದ್ದು, ಇಷ್ಟು ನಡಿತೇವೆ ಅಂತ ಎಣಿಸ್ಲಿಲ್ಲ" ಎಂದಳು.

ನನ್ನ ಬಳಿ ಉತ್ತರ ಸಿದ್ಧವಿತ್ತು. ರಾಮನವಮಿಯ ದಿನ ಈ ಭಾಗದಲ್ಲಿ ಬೀದಿಗೊಂದು ಚಪ್ಪರ. ಬೆಲ್ಲದ ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ, ಹೋದವರಿಗೆಲ್ಲ ಕೊಡುತ್ತಾರೆ. ಜಾತಿ ಕೇಳುವುದಿಲ್ಲ, ಭಕ್ತಿ ಕೇಳುವುದಿಲ್ಲ. ಚಿಕ್ಕಂದಿನಿಂದ ಎಷ್ಟು ಲೋಟ ಕುಡಿದಿದ್ದೇನೋ ಲೆಕ್ಕವಿಲ್ಲ. ನನ್ನ ಇಡೀ ಯೋಜನೆ ನಿಂತಿದ್ದೇ ಆ ಪಾನಕದ ಮೇಲೆ.

ಮೊದಲ ಚಪ್ಪರದಲ್ಲಿ ಪಾನಕದ ಕೊಳದಪ್ಪಲೆ ಇತ್ತು, ಮೇಲೆ ತಟ್ಟೆ ಮುಚ್ಚಿತ್ತು. "ಆಮೇಲೆ ಬನ್ನಿ" ಎಂದರು. ಮುಂದಿನ ಬೀದಿಯಲ್ಲೂ ಅದೇ. ಇನ್ನೊಂದರಲ್ಲಿ ಹೂ ಕಟ್ಟುತ್ತಿದ್ದಾಕೆ, "ರಾಮ ಹುಟ್ಟೋದೇ ಮಧ್ಯಾಹ್ನ ಹನ್ನೆರಡಕ್ಕಲ್ವೇನಮ್ಮ? ಪೂಜೆ ಆಗ್ದೆ ಹೆಂಗೆ ಕೊಡೋದು?" ಎಂದು ನಕ್ಕಳು. ಆಗಿನ್ನೂ ಹನ್ನೊಂದೂ ಆಗಿರಲಿಲ್ಲ. ನಾನು ಯಾವತ್ತೂ ಪೂಜೆಗೆ ನಿಂತವಳಲ್ಲ; ಮಧ್ಯಾಹ್ನದ ಮೇಲೆ ಎದ್ದು ಬಂದು ಲೋಟ ಒಡ್ಡಿದವಳು. ಪಾನಕಕ್ಕೆ ಒಂದು ಹೊತ್ತಿದೆ ಎನ್ನುವುದೇ ನನಗೆ ತಿಳಿದಿರಲಿಲ್ಲ.

"ಸಾಕು, ಮಾತ್ರೆ ತಿಂತೇನೆ" ಎಂದು ನಿಶ್ಮಿತಾ ಸೊಂಟಕ್ಕೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಅವಳು ಮಾತ್ರೆಗಳನ್ನು ಇಡುತ್ತಿದ್ದದ್ದು ಫೋನಿನ ಪೌಚಿನಲ್ಲಿ. ಫೋನಿನ ಜೊತೆ ಅದೂ ನಮ್ಮ ಮನೆಯ ಮೇಜಿನ ಮೇಲೆ ಉಳಿದಿತ್ತು.

ಅವಳ ಮೇಲ್ದುಟಿಯ ಮೇಲೆ ಬೆವರು ಕಂಡಿತು. ಹಬ್ಬದ ರಜೆ, ಆ ಬೀದಿಯಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ತಿರುವಿನಲ್ಲಿ ಇನ್ನೊಂದು ಚಪ್ಪರ ಕಾಣುತ್ತಿತ್ತು. ಅವಳ ತೋಳು ಹಿಡಿದುಕೊಂಡು ಅಲ್ಲಿಯವರೆಗೆ ಹೋದೆ. ಅವಳು ಪಕ್ಕದ ಮನೆಯ ಜಗಲಿಯ ಮೇಲೆ ಕೂತಳು, ಕೂತಳು ಅನ್ನುವುದಕ್ಕಿಂತ ಕುಸಿದಳು.

ಚಪ್ಪರದ ಮುಂದೆ ಪಂಚೆ ಶಲ್ಯದ, ಸಮಿತಿಯ ಬ್ಯಾಡ್ಜ್ ಹಾಕಿಕೊಂಡ ಒಬ್ಬರಿದ್ದರು. "ಸರ್, ಒಂದು ಲೋಟ ಪಾನಕ ಬೇಕು, ಅರ್ಜೆಂಟು. ನನ್ನ ಫ್ರೆಂಡ್‌ಗೆ ಶುಗರ್ ಇದೆ" ಎಂದೆ.

"ಶುಗರ್ ಇರೋರಿಗೆ ಪಾನಕಾನಾ? ಬೆಲ್ಲ ಕಣಮ್ಮ ಇದು! ನೀರು ಬೇಕಾದ್ರೆ ಕೊಡ್ತೀನಿ ತಗೊಳ್ಳಿ" ಎಂದರು.

"ಜಾಸ್ತಿ ಆಗಿಲ್ಲ ಸರ್, ಕಮ್ಮಿ ಆಗಿದೆ."

"ಅದೆಲ್ಲ ಡಾಕ್ಟ್ರು ಹೇಳ್ಬೇಕು. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ಅಲ್ದೆ ಇನ್ನೂ ನೈವೇದ್ಯ ಆಗಿಲ್ಲ. ದೇವ್ರಿಗೆ ತೋರಿಸ್ದೆ ಒಂದು ತೊಟ್ಟೂ ತೆಗೆಯೋ ಹಾಗಿಲ್ಲ."

ಆ ಕ್ಷಣ ನಾನು ಕಾಲಿಗೆ ಬೀಳಬಹುದಿತ್ತು, ಕೂಗಬಹುದಿತ್ತು, ತಟ್ಟೆ ಸರಿಸಿ ಲೋಟ ಮುಳುಗಿಸಬಹುದಿತ್ತು. ನಾನು ಮಾಡಿದ್ದು ನನಗೆ ಬರುವ ಒಂದೇ ಕೆಲಸವನ್ನು. ವಾದಕ್ಕೆ ನಿಂತೆ.

"ಬೇಸಿಗೇಲಿ ಬಾಯಾರಿದೋರಿಗೆ ಕೊಡೋಕೆ ತಾನೆ ಈ ಪಾನಕ ಇರೋದು? ಉದ್ದೇಶ ಮುಖ್ಯಾನಾ, ಗಡಿಯಾರ ಮುಖ್ಯಾನಾ?" ಎಂದೆ. ಅವರು ಏನೋ ಹೇಳಹೊರಟರು. ನಾನು ಬಿಡಲಿಲ್ಲ. "ದೇವರು ಕುಡಿದ ಮೇಲೆ ಪಾತ್ರೆಲಿ ಎಷ್ಟು ಕಮ್ಮಿ ಆಗುತ್ತೆ ಸರ್? ಅಳತೆ ಮಾಡಿದೀರಾ?"

ಅವರ ಮುಖ ಕೆಂಪಾಯಿತು. "ಓಹೋ, ಗೇಲಿ ಮಾಡೋಕೆ ಬಂದಿದೀರಾ? ಓದಿದೋರದ್ದು ಇದೇ ಆಯ್ತು. ಹಬ್ಬದ ದಿನ ಬೆಳಿಗ್ಗೆ ಬೆಳಿಗ್ಗೆ..." ಜನ ಸೇರಿದರು. ಒಬ್ಬ ನನ್ನ ಪರ, ಇಬ್ಬರು ಅವರ ಪರ. ನಿಜ ಹೇಳುತ್ತೇನೆ, ನನಗೆ ಅಷ್ಟು ಹೊತ್ತಿಗೆ ಲಯ ಸಿಕ್ಕಿತ್ತು. ಧ್ವನಿ ಏರಿತ್ತು, ಬೆರಳು ಎಣಿಸುತ್ತಿದ್ದೆ. ಮೂರನೇ ಪಾಯಿಂಟಿಗೆ ಬಾಯಿ ತೆರೆದೆ. ಎದುರಿಗಿದ್ದವರೆಲ್ಲ ನನ್ನನ್ನು ಬಿಟ್ಟು ನನ್ನ ಹಿಂದೆ ನೋಡತೊಡಗಿದರು.

ತಿರುಗಿದೆ. ನಿಶ್ಮಿತಾಳ ತಲೆ ಗೋಡೆಗೆ ವಾಲಿತ್ತು. ಕಣ್ಣು ಅರೆ ತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಅವಳ ಪಕ್ಕದಲ್ಲಿ, ನೆಲದ ಮೇಲೆ, ಒದ್ದೆ ಮಡಿಸೀರೆಯ ಒಬ್ಬ ಅಜ್ಜಿ ಕೂತಿದ್ದರು. ಪಾನಕ ಕಲಸಿದವರೇ ಅವರು. ಮಡಿಯಲ್ಲಿರುವವರನ್ನು ನೈವೇದ್ಯ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ನಾವು ಬಂದಾಗ ಚಪ್ಪರದಲ್ಲಿ ಮಕ್ಕಳು ಹತ್ತಿರ ಸುಳಿದರೂ ಅವರು ಗದರುತ್ತಿದ್ದದ್ದನ್ನು ನಾನೇ ನೋಡಿದ್ದೆ. ಈಗ ಅವರು ನಿಶ್ಮಿತಾಳ ಬೆವರಿದ ತಲೆಯನ್ನು ತಮ್ಮ ಎದೆಗೆ ಒರಗಿಸಿಕೊಂಡಿದ್ದರು. ಇನ್ನೊಂದು ಕೈಯಲ್ಲಿ ಪಾನಕದ ಲೋಟ. ಬೆರಳು ಅದ್ದಿ ತುಟಿಗೆ ಸವರುತ್ತಿದ್ದರು.

"ನುಂಗು ಮಗು. ನುಂಗಮ್ಮ. ಹಾಂ, ಇನ್ನೊಂಚೂರು."

ಅವಳು ನುಂಗಿದಳು. ಅಜ್ಜಿ ಗುಟುಕು ಗುಟುಕಾಗಿ ಕುಡಿಸಿದರು. ನನ್ನ ಎಣಿಸುತ್ತಿದ್ದ ಬೆರಳು ಹಾಗೇ ಇತ್ತು. ಎಷ್ಟು ಹೊತ್ತಾಯಿತೋ, ನಿಶ್ಮಿತಾ ಮುಖ ಸಿಂಡರಿಸಿ, "ಕಾಳುಮೆಣಸು ಜಾಸ್ತಿ ಆಗಿದೆ ಮಾರಾಯ್ತಿ" ಎಂದಳು.

"ನಾಲಿಗೆ ಬಂತು! ಇನ್ನು ಭಯ ಇಲ್ಲ" ಎಂದರು ಅಜ್ಜಿ. ಸುತ್ತ ನಿಂತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಅವಳ ಕಾಲ ಬಳಿ ಕೂತುಬಿಟ್ಟೆ.

ಸಮಿತಿಯವರು ಮೆಲ್ಲಗೆ, "ಅಜ್ಜೀ, ಇಡೀ ಕೊಳದಪ್ಪಲೆಯ ಮೀಸಲು ಕೆಟ್ಟುಹೋಯ್ತಲ್ಲ. ಈಗ ದೇವರಿಗೆ?" ಎಂದರು.

ನಾನು ಮತ್ತೆ ಎದ್ದುನಿಂತೆ. "ಅವರು ಮಾಡಿದ್ದೇ ಸರಿ ಸರ್! ನಾನು ಹೇಳ್ತಿದ್ದದ್ದೂ ಅದನ್ನೇ."

"ಸುಮ್ನಿರಮ್ಮ ನೀನು" ಎಂದು ಅಜ್ಜಿ ನನ್ನನ್ನೇ ಗದರಿ, ಸಮಿತಿಯವರ ಕಡೆ ಕೈ ತೋರಿಸಿದರು. "ನಾಗರಾಜ ಹೇಳಿದ್ರಲ್ಲಿ ತಪ್ಪೇನಿದೆ? ನೈವೇದ್ಯಕ್ಕೆ ಮುಂಚೆ ಕೊಡಬಾರದು."

"ಮತ್ತೆ ನೀವ್ಯಾಕೆ ಕೊಟ್ರಿ?"

"ಕೊಡದೇ ಇರೋಕಾಗುತ್ತಾ?"

ಅಷ್ಟೇ ಹೇಳಿ ಅವರು ಮಂಡಿ ಹಿಡಿದುಕೊಂಡು ಎದ್ದರು. "ನಾಗರಾಜ, ಬೆಲ್ಲ ಕುಟ್ಟಿಡು. ಮಿಂದು ಬಂದು ದೇವರಿಗೆ ಬೇರೆ ಕಲಸ್ತೀನಿ" ಎಂದು ಪಕ್ಕದ ಮನೆಯೊಳಗೆ ಹೋದರು. ಸಮಿತಿಯವರು ಶಲ್ಯವನ್ನು ಸೊಂಟಕ್ಕೆ ಕಟ್ಟಿ ಬೆಲ್ಲ ಕುಟ್ಟಲು ಕೂತರು. ಹನ್ನೆರಡು ಆಯಿತು. ಬೇರೆ ಬೀದಿಗಳಿಂದ ಗಂಟೆ, ಜಾಗಟೆ ಕೇಳಿಸತೊಡಗಿತು. ಆರತಿ ತಟ್ಟೆ ಹಿಡಿದಿದ್ದ ಅರ್ಚಕರು ಚಡಪಡಿಸಿದರು. "ಇರಿ ಸ್ವಾಮಿ, ಅಜ್ಜಿ ಬರ್ಲಿ" ಎಂದರು ಸಮಿತಿಯವರು. ಹಿಂದಿನಿಂದ ಯಾರೋ, "ನಮ್ಮ ಬೀದೀಲಿ ರಾಮ ಇವತ್ತು ಸ್ವಲ್ಪ ಲೇಟಾಗಿ ಹುಟ್ತಾನೆ ಬಿಡಿ" ಎಂದರು.

ಅಜ್ಜಿ ಮತ್ತೆ ಮಡಿಯುಟ್ಟು ಬಂದು, ಸಣ್ಣ ತಂಬಿಗೆಯಲ್ಲಿ ಪಾನಕ ಕಲಸಿದರು. ಮಂಗಳಾರತಿ ಆದ ಮೇಲೆ ಮೊದಲ ದೊನ್ನೆ ಕೋಸಂಬರಿ ನಿಶ್ಮಿತಾಳಿಗೆ ಬಂತು. ತಂದುಕೊಟ್ಟವರು ಸಮಿತಿಯವರೇ. "ತಿನ್ನಮ್ಮ, ಇದ್ರಲ್ಲಿ ಮೆಣಸು ಕಮ್ಮಿ" ಎಂದರು. ನನಗೂ ಒಂದು ದೊನ್ನೆ ಕೊಟ್ಟರು, ನನ್ನ ಮುಖ ನೋಡದೆ. ಬಾಡಿಗೆ ಕೊಟ್ಟು ಆಟೋದಲ್ಲಿ ಮನೆಗೆ ಕಳಿಸಿದ್ದೂ ಅವರೇ.

ನಾನು ಇಂದಿಗೂ ದೇವರನ್ನು ನಂಬುವುದಿಲ್ಲ. ಕೊಡಬಾರದು ಎನ್ನುವುದೂ ಸರಿ, ಕೊಡದೇ ಇರಲಾಗದು ಎನ್ನುವುದೂ ಸರಿ ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದ್ದರೆ ಒಂದೇ ನಿಮಿಷದಲ್ಲಿ ಕೆಡವಿಬಿಡುತ್ತಿದ್ದೆ. ಅಜ್ಜಿ ಹೇಳಿದ್ದನ್ನು ಮಾತ್ರ ಈ ಒಂದು ವರ್ಷದಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಕೆಡವಲು ಆಗಿಲ್ಲ. ಅದು ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ.

ವಾದ ಮಾಡುವುದನ್ನೂ ಬಿಟ್ಟಿಲ್ಲ, ಮನೆಯಲ್ಲಿ, ಆಫೀಸಿನಲ್ಲಿ, ಸಿಕ್ಕಸಿಕ್ಕಲ್ಲಿ. ಆದರೆ ಮಾತಿಗೆ ಲಯ ಸಿಕ್ಕಿ ಧ್ವನಿ ಏರುವ ಹೊತ್ತಿಗೆ ನನ್ನ ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬೆನ್ನ ಹಿಂದೆ ಯಾರಾದರೂ ಕುಸಿದು ಕೂತಿದ್ದಾರೆಯೇ ಎಂದು. ಎದುರಿಗೆ ಕೂತು ವಾದಿಸುತ್ತಿರುವವಳು ನಿಶ್ಮಿತಾಳೇ ಆಗಿದ್ದರೂ ತಿರುಗುತ್ತದೆ.