ಅಕ್ಕನಿಗಾಗಿ ಕೊಂಡ ಸದ್ದಿಲ್ಲದ ಗಾಡಿ

ಐವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಕಾರು ಕೊಂಡವಳು ನಾನು. ಆದೋನಿಯ ಕನ್ನಡ ಶಾಲೆಯ ಟೀಚರಮ್ಮನಿಗೆ ಇದೇನು ಶೋಕಿ ಎಂದು ಓಣಿಯವರು ಹಾಸಿಗೆ ಇದ್ದಷ್ಟು ಕಾಲು ಚಾಚುವ ಗಾದೆಯನ್ನು ನನಗೆ ಕೇಳಿಸುವ ಹಾಗೇ ಆಡಿಕೊಂಡರು. ಆಡಿಕೊಳ್ಳಲಿ. ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಅಕ್ಕ. ಅವಳ ಗಂಡ ತೀರಿಹೋಗಿದ್ದ, ನಾನು ಮದುವೆಯನ್ನೇ ಆಗಿರಲಿಲ್ಲ. ಅಕ್ಕನ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ಊರಲ್ಲಿ ಡಯಾಲಿಸಿಸ್ ಯಂತ್ರದ ಸರದಿ ಸಿಗದೆ ವಾರಕ್ಕೆರಡು ಸಲ ಕರ್ನೂಲಿಗೆ ಹೋಗಬೇಕಿತ್ತು.

ಬಾಡಿಗೆ ಗಾಡಿಯಲ್ಲಿ ಹೋಗುತ್ತಿದ್ದೆವು. ಅದರ ಡೀಸೆಲ್ ವಾಸನೆ, ಗಡಗಡ ಸದ್ದು, ಎಮ್ಮಿಗನೂರು ದಾಟುವಷ್ಟರಲ್ಲಿ ಅಕ್ಕನಿಗೆ ಮೂರು ಸಲ ವಾಂತಿ. ಒಂದು ದಿನ ಬೆಳಿಗ್ಗೆ ಅವಳು ಹೊರಡಲು ಏಳಲೇ ಇಲ್ಲ. ಅತ್ತು ಕರೆದೆ, ಬೈದೆ, ಕಾಲು ಹಿಡಿದೆ. ಜಪ್ಪಯ್ಯ ಅನ್ನಲಿಲ್ಲ. ಎರಡನೇ ದಿನಕ್ಕೆ ಎದೆಯಲ್ಲಿ ನೀರು ತುಂಬಿ, ಆಂಬ್ಯುಲೆನ್ಸಿನಲ್ಲಿ ಅವಳ ಮೂಗಿಗೆ ಆಕ್ಸಿಜನ್ ಹಾಕಿಸಿ ಕರೆದೊಯ್ದೆ. ಇನ್ನೊಮ್ಮೆ ತಪ್ಪಿಸಿದರೆ ಇಲ್ಲಿಯವರೆಗೆ ಬರುವ ಕೆಲಸವೂ ಇರುವುದಿಲ್ಲ ಎಂದು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು.

ಮನೆಗೆ ಬಂದ ಮೇಲೆ ಅಕ್ಕ ತಣ್ಣಗೆ ಹೇಳಿದಳು: "ಆ ಗಾಡಿ ವಾಸನಿಗೆ ನಾ ಅರ್ಧ ಸತ್ತಿರ್ತೀನಿ. ಉಳಿದರ್ಧಕ್ಕ ಡಾಕ್ಟರ್ ಯಾಕ ಬೇಕು?"

ವಾಸನೆ ಇಲ್ಲದ, ಸದ್ದಿಲ್ಲದ ಗಾಡಿ ತಂದರೆ ಬರುತ್ತೀಯಾ ಎಂದು ಕೇಳಿದೆ. ನಕ್ಕು, ಬರ್ತೀನಿ ಅಂದಳು. ಅಂಥದ್ದು ಎಲ್ಲಿ ಸಿಗುತ್ತದೆ, ಇವಳೆಲ್ಲಿ ತರುತ್ತಾಳೆ ಎಂಬ ನಗು ಅದು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಮುಳುಗುವವಳಿಗೆ ಹುಲ್ಲುಕಡ್ಡಿ.

ಆಮೇಲೆ ತಿಂಗಳೊಪ್ಪತ್ತು ಅಳೆದೂ ಸುರಿದೂ ನೋಡಿದೆ. ಪೂರ್ತಿ ಕರೆಂಟಿನ ಕಾರು ಸದ್ದು ಮಾಡುವುದಿಲ್ಲ, ಸರಿ. ದಾರಿಯಲ್ಲಿ ಚಾರ್ಜು ಮುಗಿದರೆ ರೋಗಿಯನ್ನು ಇಟ್ಟುಕೊಂಡು ಕೋಡುಮೂರಿನ ಬಿಸಿಲಲ್ಲಿ ಯಾರ ಮನೆ ಪ್ಲಗ್ಗು ಹುಡುಕಲಿ? ಹಾಗಾಗಿ ಪೆಟ್ರೋಲಿಗೂ ಬ್ಯಾಟರಿಗೂ ಓಡುವ ಹೈಬ್ರಿಡ್ ಗಾಡಿಗೆ ಮನಸ್ಸು ನಿಂತಿತು. ಶೋರೂಮಿನ ಹುಡುಗ ತೆಲುಗು ಕನ್ನಡ ಕಲಸಿ ಹಾಡಿ ಹೊಗಳಿದ. ಪೇಟೆಯಲ್ಲಿ ನಿಧಾನ ಓಡಿಸಿದರೆ ಎಂಜಿನ್ ಏಳುವುದೇ ಇಲ್ಲ, ಸೌಂಡೇ ಉಂಡದು ಮೇಡಂ, ಸದ್ದೇ ಇರಲ್ಲ. ನಿಂತಾಗಲೂ ಎಸಿ ತಣ್ಣಗಿರುತ್ತದೆ. ಬ್ರೇಕು ಒತ್ತಿದರೆ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಎತ್ತರದ ಗಾಡಿಯಾದ್ದರಿಂದ ತಗ್ಗು ಗುಂಡಿಗೆ ಹೆದರಬೇಕಿಲ್ಲ.

ಅವನು ಹೇಳದೆ ಬಿಟ್ಟದ್ದನ್ನು ನಾನು ಕೆದಕಿ ಕೇಳಿದೆ. ಬೆಲೆ ಸಾದಾ ಪೆಟ್ರೋಲ್ ಗಾಡಿಗಿಂತ ಬಹಳ ಜಾಸ್ತಿ, ಇನ್ಶೂರೆನ್ಸೂ ಅದರ ಹಿಂದೆಯೇ. ಪೆಟ್ರೋಲು ಉಳಿಯುವುದು ಪೇಟೆಯ ಓಡಾಟದಲ್ಲಿ. ನಮ್ಮದು ನೂರು ಕಿಲೋಮೀಟರಿನ ನೇರ ರಸ್ತೆ, ಅಲ್ಲಿ ಅಷ್ಟು ಲಾಭವಿಲ್ಲ. ಆದೋನಿಯ ಯಾವ ಮೆಕ್ಯಾನಿಕ್ಕೂ ಅದರ ಹೈ ವೋಲ್ಟೇಜಿನ ಕೇಸರಿ ವೈರುಗಳನ್ನು ಮುಟ್ಟುವುದಿಲ್ಲ. ವಾರಂಟಿ ಮುಗಿದ ಮೇಲೆ ಬ್ಯಾಟರಿ ಹೋದರೆ ನನ್ನ ಪಿಂಚಣಿ ನೀರಿಗೆ ಹಾಕಿದ ಹಾಗೆ. ಲೆಕ್ಕ ಕಲಿಸಿ ಬದುಕಿದವಳು ನಾನು. ಲೆಕ್ಕದ ಪ್ರಕಾರ ಆ ಗಾಡಿ ನನ್ನಂಥವಳಿಗೆ ಶುದ್ಧ ದಂಡ. ಆದರೆ ಆ ಲೆಕ್ಕದಲ್ಲಿ ಅಕ್ಕನನ್ನು ಯಾವ ಕಡೆ ಬರೆಯಲಿ? ಪಿ.ಎಫ್. ಬಿಡಿಸಿ ತಂದೆ.

ಗಾಡಿ ಅಂಗಳಕ್ಕೆ ಬಂದಾಗ ಅಕ್ಕನ ನಗು ನಿಂತುಹೋಯಿತು. ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣು ಒಡೆಯುವಾಗ ಅವಳು ಸುಮ್ಮನೆ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಅಂದುಕೊಂಡೆ. ಎಂಥ ದಡ್ಡಿ ನಾನು.

ಊದಿದ ಕಾಲಲ್ಲಿ ಅವಳಿಗೆ ಎತ್ತರದ ಗಾಡಿ ಹತ್ತಲಾಗದೆ ಸ್ಟೂಲು ಒಯ್ಯುತ್ತಿದ್ದೆ. ಅಷ್ಟು ಬಿಟ್ಟರೆ ಗಾಡಿ ಹೇಳಿದ ಮಾತಿಗೆ ತಪ್ಪಲಿಲ್ಲ. ಅಕ್ಕನಿಗೆ ವಾಂತಿ ನಿಂತಿತು. ಹಿಂದಿನ ಸೀಟಿನ ಉದ್ದಕ್ಕೂ ಅವ್ವನ ಹಳೇ ಸೀರೆಗಳಲ್ಲಿ ಹೊಲಿದ ದಪ್ಪ ಕೌದಿ ಹಾಸಿ ಮಲಗಿಸುತ್ತಿದ್ದೆ. ನಮ್ಮ ಕಡೆ ಜಡ್ಡಾದವರನ್ನು ಏನೂ ಹಾಸದ ಬರೀ ಜಾಗದಲ್ಲಿ ಮಲಗಿಸುವುದಿಲ್ಲ. ಹಾಗೆ ಬರೀ ನೆಲಕ್ಕೆ ಇಳಿಸುವುದು ಜೀವ ಹೋಗುವ ಹೊತ್ತಿಗೆ. ಕೌದಿ ಜಾರದಿರಲೆಂದು ಅಂಚುಗಳನ್ನು ಸೀಟಿನ ಎರಡೂ ಪಕ್ಕಕ್ಕೆ ಒತ್ತಿ ತುರುಕುತ್ತಿದ್ದೆ, ತೊಟ್ಟಿಲ ಕೂಸಿಗೆ ಮಾಡುವಂತೆ.

ಬೇಸಿಗೆ ಏರಿತು. ಒಂದು ಗುರುವಾರ ಕೋಡುಮೂರು ಇನ್ನೂ ಮುಂದಿದೆ ಅನ್ನುವಾಗ ಗಾಡಿಯ ಎದುರಿನ ಪರದೆಯಲ್ಲಿ ಎಚ್ಚರಿಕೆ ದೀಪ ಹತ್ತಿ, ಗಾಡಿ ಬಲಗುಂದಿತು. ಎಷ್ಟು ಒತ್ತಿದರೂ ಎತ್ತಿನ ಬಂಡಿಯ ನಡಿಗೆ. ರಸ್ತೆ ಪಕ್ಕ ನಿಲ್ಲಿಸಿದೆ. ಸುತ್ತ ಕಿತ್ತ ಹತ್ತಿಯ ಒಣ ಹೊಲ, ಒಂದು ಮರವಿಲ್ಲ. ಯಂತ್ರದ ಸರದಿ ತಪ್ಪಿದರೆ ಗತಿಯೇನು ಎಂದು ನೆನೆದು ಕೂಡಲೇ ಮೊಬೈಲ್ ತೆಗೆದೆ. ಶೋರೂಮಿನ ಹುಡುಗ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, ಹಿಂದಿನ ಸೀಟಿನ ಪಕ್ಕದ ಜಾಲರಿಗೆ ಏನಾದರೂ ಅಡ್ಡ ಇದೆಯಾ ಎಂದು. ಬ್ಯಾಟರಿ ತಣ್ಣಗಾಗಲು ಉಸಿರಾಡುವುದೇ ಅದರಿಂದಂತೆ. ಗಾಡಿ ಕೊಡುವ ದಿನ ಅವನು ಅದನ್ನು ಹೇಳಿದ್ದ; ಮಗ್ಗಿ ಬಾರದ ಹುಡುಗರು ನನ್ನೆದುರು ತಲೆಯಾಡಿಸುವಂತೆ ನಾನೂ ಆಡಿಸಿದ್ದೆ.

ಬಾಗಿಲು ತೆಗೆದು ಅಕ್ಕನ ಕೆಳಗಿನಿಂದ ಕೌದಿ ಎಳೆಯತೊಡಗಿದೆ. ಒತ್ತಿ ತುರುಕಿದ್ದು ಬರಲೊಲ್ಲದು. ಸಿಟ್ಟು, ಭಯ, ಬಿಸಿಲು ಎಲ್ಲ ಸೇರಿ ಅವಳನ್ನೇ ಗದರಿಸಿದೆ: ಸ್ವಲ್ಪ ಮೈ ಎತ್ತು, ನೀನೇ ಸಾಯಬೇಕಂತ ಕೂತಿದ್ದರೆ ನಾನೊಬ್ಬಳು ಎಷ್ಟು ಎಳೆಯಲಿ? ಅವಳು ಮೈ ಎತ್ತಿದಳು. ಕೌದಿ ಬಂತು. ಬರೀ ಸೀಟಿನ ಮೇಲೆ ಅಂಗೈ ಊರಿ ಕೂತು, ಮೆಲ್ಲಗೆ ಹೇಳಿದಳು.

"ಸಾಕಾಗೈತಿ ತಂಗಿ ನನಗ. ಗಾಡಿ ತರಂಗಿಲ್ಲ ಅಂತ ತಿಳಿದು ಬರ್ತೀನಿ ಅಂದಿದ್ದೆ. ನೀ ತಂದುಬಿಟ್ಟಿ. ಈಗ ಬರಂಗಿಲ್ಲ ಅನ್ನಾಕ ಬಾಯಿ ಬರವಲ್ದು. ಹಿಂದಕ್ಕ ತಿರುಗಿಸು."

ನಾನು ಸೀಟಿನ ಪಕ್ಕಕ್ಕೆ ಬಗ್ಗಿದೆ. ಜಾಲರಿಯಲ್ಲಿ ಸಿಕ್ಕಿದ್ದ ಕೌದಿಯ ಎಳೆಗಳನ್ನು ಉಗುರಿನಿಂದ ಕಿತ್ತೆ. ಅರ್ಧ ಗಂಟೆ ಎಸಿ ಹಾಕಿಕೊಂಡು ಕಾದೆವು. ದೀಪ ಆರಿತು. ರಸ್ತೆ ಖಾಲಿಯಿತ್ತು, ತಿರುಗಿಸಲು ಏನೂ ಅಡ್ಡಿಯಿರಲಿಲ್ಲ. ಕನ್ನಡಿಯಲ್ಲಿ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಇಡೀ ಆಯುಷ್ಯದಲ್ಲಿ ಅವಳು ನನ್ನಲ್ಲಿ ಕೇಳಿದ್ದು ಅದೊಂದೇ.

ನಾನು ಕರ್ನೂಲಿನ ಕಡೆಗೇ ಓಡಿಸಿದೆ. ಆಸ್ಪತ್ರೆಯಲ್ಲಿ ಅವಳು ತಾನಾಗಿ ತೋಳು ಚಾಚಿ ಸೂಜಿಗೆ ಕೊಟ್ಟಳು. ಇವತ್ತಿಗೂ ವಾರಕ್ಕೆರಡು ಸಲ ಬರುತ್ತಾಳೆ, ತಕರಾರಿಲ್ಲದೆ. ನನಗೆ ಒಬ್ಬಳೇ ಇರಲು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತು.