ಪತ್ತಾರ ಕಾಳಪ್ಪನೂ ನನ್ನ ಎರಡು ಹಲ್ಲುಗಳೂ

ನನ್ನ ಮುಂದಿನ ಎರಡು ಹಲ್ಲುಗಳಿಗೆ ಸಾಲಿನಲ್ಲಿ ನಿಂತು ಗೊತ್ತಿಲ್ಲ. ಒಂದು, ಬಂದವರು ಯಾರೆಂದು ಹೊರಗೆ ಇಣುಕುತ್ತದೆ. ಇನ್ನೊಂದು ಅದರ ಹೆಗಲೇರಿ ಕುಳಿತಿದೆ. ಹೆಣ್ಣಿನ ಹಲ್ಲನ್ನು ದಾಳಿಂಬೆಗೆ ಹೋಲಿಸಿದ ಹಳೆಯ ಕವಿಗಳು ಆ ಹಣ್ಣನ್ನು ಬಿಡಿಸಿ ನೋಡಿದ್ದರೋ ಇಲ್ಲವೋ, ನನಗೆ ಅನುಮಾನ. ಅದರೊಳಗೆ ಯಾವ ಬೀಜ ನೆಟ್ಟಗೆ ಕುಳಿತಿರುತ್ತದೆ? ಒಂದನ್ನೊಂದು ನೂಕುತ್ತಲೇ ಇರುತ್ತವೆ. ಹಾಗೆ ನೋಡಿದರೆ ನಾನು ಕಾವ್ಯಕ್ಕೆ ತಕ್ಕ ಸುಂದರಿಯೇ.

ತಳಕಲ್ಲಿನಿಂದ ನನ್ನನ್ನು ನೋಡಲು ಬಂದವರು ಕಾವ್ಯ ಓದಿದವರಲ್ಲ. ಆಗ ನನಗೆ ಹದಿಮೂರು, ಕುಷ್ಟಗಿಯ ಶಾಲೆಯಲ್ಲಿ ಆರನೆಯ ತರಗತಿ. ನಿಜಾಮರ ಕಾಲ, ಶಾಲೆಗೆ ಹೋಗುವ ಹುಡುಗಿಯರನ್ನು ಬೆರಳಲ್ಲಿ ಎಣಿಸಬಹುದಿತ್ತು. ಹುಡುಗನ ತಾಯಿ ನನ್ನನ್ನು ನಡೆಸಿ, ಮಾತಾಡಿಸಿ, ಕೊನೆಗೆ ನಗಿಸಿ ನೋಡಿದರು.

"ಹುಡುಗಿ ಛಲೋ ಅದಾಳ್ರಿ. ಹಲ್ಲಷ್ಟು ಸರಿ ಮಾಡಿಸ್ರಿ, ಮುಂದಿನ ತಿಂಗಳಾನ ಅಕ್ಕಿಕಾಳು ಹಾಕೂಣು."

ಅಜ್ಜಿ ಹಿಗ್ಗಿದಳು, ನಾನು ಕುಗ್ಗಿದೆ. ಲಗ್ನವೆಂದರೆ ಪಾಟಿ ಪುಸ್ತಕ ಅಟ್ಟಕ್ಕೆ. ನನಗೆ ಓದಬೇಕಾಗಿತ್ತು, ಆದರೆ ನಿನಗೇನು ಬೇಕೆಂದು ಯಾರೂ ಕೇಳಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಹೆಬ್ಬೆರಳಿಗೆ ಔಡಲೆಣ್ಣೆ ಹಚ್ಚಿಕೊಂಡು ನನ್ನ ಹಲ್ಲನ್ನು ಒಳಕ್ಕೆ ಒತ್ತುತ್ತಿದ್ದಳು. ನಾನು ಶಾಲೆಯಲ್ಲಿ ದಿನವಿಡೀ ನಾಲಿಗೆಯಿಂದ ಹೊರಕ್ಕೆ ತಳ್ಳುತ್ತಿದ್ದೆ. ಹಲ್ಲು ಇಬ್ಬರಿಗೂ ಸೊಪ್ಪು ಹಾಕಲಿಲ್ಲ.

ನಮ್ಮಲ್ಲಿ ಹಲ್ಲು ಕೀಳುವವರಿದ್ದರು, ನೆಟ್ಟಗೆ ಮಾಡುವವರಿರಲಿಲ್ಲ. ಸೊಟ್ಟಾದ ಕಾಲ್ಗಡಗ ಸರಿಮಾಡುವವನಿಗೆ ಎರಡು ಹಲ್ಲು ಯಾವ ಲೆಕ್ಕ ಎಂದುಕೊಂಡು ಅಜ್ಜಿ ನನ್ನನ್ನು ಅಕ್ಕಸಾಲಿಗನ ಬಳಿ, ಅಂದರೆ ಪತ್ತಾರ ಕಾಳಪ್ಪನ ಬಳಿ, ಎಳೆದೊಯ್ದಳು. ಅವನು ಬಾಯಿ ನೋಡಿ ಬೆಚ್ಚಿದ.

"ಬಂಗಾರಾದ್ರ ಕಾಸಿ ಬಡಿತೀನ್ರಿ ಅಮ್ಮಾರ. ಇದನ್ನ ಕಾಸಾಕ ಬರಂಗಿಲ್ಲಲ್ರೀ!"

"ಬೆಳ್ಳಿ ತಂತಿ ಹಾಕಿ ಬಿಗಿಯೋ ಕಾಳಪ್ಪಾ. ಲಗ್ನ ನಿಂತೈತಿ."

ಅವನು ಕೂದಲೆಳೆಯಷ್ಟು ಸಣ್ಣ ತಂತಿ ತೆಗೆದು, ಹಲ್ಲಿಗೆ ಸುತ್ತಿ, ಚಿಮಟದಿಂದ ಎಳೆದ. ನನ್ನ ಕಣ್ಣಲ್ಲಿ ನೀರು ಬಂತು.

"ಭಾಳ ನೋವಾತೇನವ್ವಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ ಕಾಕಾ. ಹಲ್ಲು ನೆಟ್ಟಗಾದ್ರ ಸಾಲಿ ಬಿಡಸ್ತಾರ."

ಅಜ್ಜಿಗೆ ಕಿವಿ ಮಂದ. ಕಾಳಪ್ಪ ಚಿಮಟ ಕೆಳಗಿಟ್ಟ. ಆಮೇಲೆ ತಂತಿ ಕತ್ತರಿಸಿ ತೆಗೆದು, ಅಜ್ಜಿಗೆ ಕೇಳುವಂತೆ ಕೂಗಿದ: "ದವಡಿ ಇನ್ನೂ ಬೆಳಿಯಾಕತ್ತೈತ್ರೀ! ಈಗ ತಂತಿ ನಿಲ್ಲಂಗಿಲ್ಲ. ಮೂರ್ ವರ್ಷ ಬಿಟ್ಟು ಕರ್ಕೊಂಡ್ ಬರ್ರಿ."

ಬಂಗಾರದ ವಿಷಯದಲ್ಲಿ ಅವನನ್ನು ನಂಬಿದ್ದ ಅಜ್ಜಿ ದವಡೆಯ ವಿಷಯದಲ್ಲೂ ನಂಬಿದಳು. ತಳಕಲ್ಲಿನವರು ಕಾಯಲಿಲ್ಲ, ಬೇರೆ ಹುಡುಗಿಯನ್ನು ತಂದುಕೊಂಡರು. ಆ ಸುದ್ದಿ ಬಂದ ದಿನ ನಾನು ಮೂರು ರೊಟ್ಟಿ ಹೆಚ್ಚಿಗೆ ತಿಂದೆ. ಮುಂದೆ ಓದಿದೆ, ಗಂಗಾವತಿಯ ಶಾಲೆಯಲ್ಲಿ ಪಾಠ ಹೇಳುತ್ತ ಅಕ್ಕೋರು ಎನಿಸಿಕೊಂಡೆ.

ಎಷ್ಟೋ ವರ್ಷಗಳ ಮೇಲೆ ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯಿ ನೋಡಿದರು. ಹದಿಮೂರರಲ್ಲಿ ತಂತಿ ಹಾಕಿಸಲು ಹೋದಾಗ ದವಡೆ ಬೆಳೆಯುತ್ತಿದೆ, ಈಗ ಬೇಡ ಎಂದಿದ್ದರು ಎಂದು ನಾನು ಹೇಳಿದ್ದಕ್ಕೆ ಮರುಗಿದರು. "ದವಡಿ ಬೆಳಿಯೂ ವಯಸ್ಸಿನ್ಯಾಗ ತಂತಿ ಹಾಕಬೇಕಿತ್ರಿ. ಹದಿಮೂರು ಅಂದ್ರ ತಕ್ಕ ವಯಸ್ಸು. ಆಗ ಬ್ಯಾಡ ಅಂತ ಹೇಳ್ದಾಂವ ಶುದ್ಧ ತಿಳಿಗೇಡಿ ಇರಬೇಕು!"

ಕಾಳಪ್ಪ ತಿಳಿಗೇಡಿಯಲ್ಲ. ಅವನು ತಂತಿ ಎಳೆದಾಗ ಹಲ್ಲು ಕೂದಲೆಳೆಯಷ್ಟು ಅಲುಗಿತ್ತು. ಅದು ಅವನ ಕೈಗೂ ಗೊತ್ತಾಗಿತ್ತು, ನನ್ನ ನಾಲಿಗೆಗೂ ಗೊತ್ತಾಗಿತ್ತು. ಅವನು ಯಾರಿಗೂ ಹೇಳಲಿಲ್ಲ. ನಾನೂ ಡಾಕ್ಟರರಿಗೆ ಹೇಳದೆ ಎದ್ದು ಬಂದೆ.